ಒಬ್ಬ ಗುರುವಿನ ಸಿಂಫನಿ ಮತ್ತು ಮೈಸೂರಿನ ನೆರವು

2025ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಭಾಗದ ತಮಿಳು ಪತ್ರಿಕೆಗಳೆಲ್ಲ ಒಂದೇ ಸುದ್ದಿಯನ್ನು ಸಂಭ್ರಮದಿಂದ ಪ್ರಕಟಿಸಿದವು. ಪಣ್ಣೈಪುರವೆಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಇಳಯರಾಜ ಅವರು ರಚಿಸಿದ ಪಾಶ್ಚಾತ್ಯ ಶಾಸ್ತ್ರೀಯ ಸಿಂಫನಿಯೊಂದು ಆ ತಿಂಗಳ 8ರಂದು ಲಂಡನ್ನಿನಲ್ಲಿ ಪ್ರಸ್ತುತಗೊಂಡಿತ್ತು. ಕೊಯಮತ್ತೂರಿನ ಬಸ್ಸುಗಳಲ್ಲಿಯೂ ತಿರುಪ್ಪೂರಿನ ಚಹಾದ ಅಂಗಡಿಗಳಲ್ಲಿಯೂ ಅದೇ ಮಾತು. ಮರುದಿನಗಳಲ್ಲಿ ನಾನು ಎಂಟನೆಯ ತರಗತಿಗೆ ಇತಿಹಾಸದ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಟೀಚರ್, ಸಿಂಫನಿ ಅಂದ್ರೆ ಏನು?" ಎಂದು ಕೇಳಿದಳು. ನಾನು ತಿಳಿದಷ್ಟು ಹೇಳಿದೆ. ಅವಳು ಕುಳಿತುಕೊಳ್ಳಲಿಲ್ಲ. "ನಮ್ಮ ಕನ್ನಡದವರಿಗೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ?" ಎಂಬುದು ಅವಳ ಎರಡನೆಯ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ತರಗತಿಯ ನಲವತ್ತು ನಿಮಿಷಗಳಲ್ಲಿ ಉತ್ತರ ಹೇಳುವುದು ಸಾಧ್ಯವಾಗಲಿಲ್ಲ. ಸಂಬಂಧವೇನೋ ಇದೆ, ಆದರೆ ಅದನ್ನು ಹೇಳಬೇಕಾದರೆ ರಷ್ಯಾದ ಒಂದು ಶಾಲೆಯಿಂದ ಆರಂಭಿಸಿ ಮೈಸೂರಿನ ಅರಮನೆಗೆ ಬಂದು, ಅಲ್ಲಿಂದ ಲಂಡನ್ನಿಗೆ ಹೋಗಿ, ಕಡೆಗೆ ನಾವಿರುವ ಈ ತಮಿಳುನಾಡಿಗೇ ಮರಳಬೇಕಾಗುತ್ತದೆ. ನಮ್ಮ ಶಾಲೆಗೆ ನೂರು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಆ ಬಾಲಕಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಬರೆಯುತ್ತಿದ್ದೇನೆ. ಶಾಲೆಯ ಸಂಚಿಕೆಗೆ ಸಂಗೀತದ ಇತಿಹಾಸವೇಕೆ ಎಂದು ಓದುಗರು ಕೇಳಬಹುದು. ಕಡೆಯವರೆಗೆ ಓದಿದರೆ ಇದು ಶಾಲೆಗಳ ಕಥೆಯೂ ಹೌದೆಂಬುದು ತಿಳಿದೀತು.

ಸಿಂಫನಿ ಎಂದರೇನು?

ಗ್ರೀಕ್ ಮೂಲದ ಈ ಪದಕ್ಕೆ 'ಜೊತೆಗೂಡಿದ ನಾದ' ಎಂಬ ಅರ್ಥವಿದೆ. ನಮ್ಮ ಕರ್ನಾಟಕ ಸಂಗೀತದ ಕೃತಿಯಲ್ಲಿ ರಾಗವು ಒಂದೇ ಎಳೆಯಾಗಿ ಹರಿಯುತ್ತದೆ. ಹಾಡುಗಾರರು ಹಾಡಿದ ದಾರಿಯಲ್ಲಿಯೇ ಪಿಟೀಲು ಹಿಂಬಾಲಿಸುತ್ತದೆ, ಮೃದಂಗ ಲಯವನ್ನು ಕಾಯುತ್ತದೆ. ಸಿಂಫನಿಯ ಕ್ರಮ ಬೇರೆ. ಅಲ್ಲಿ ಪಿಟೀಲುಗಳ ಗುಂಪು ಒಂದು ಧಾಟಿಯನ್ನು ನುಡಿಸುತ್ತಿರುವಾಗಲೇ ಕೊಳಲಿನಂಥ ಮರದ ಊದು ವಾದ್ಯಗಳು ಇನ್ನೊಂದನ್ನು, ಹಿತ್ತಾಳೆಯ ಕಹಳೆಗಳು ಮತ್ತೊಂದನ್ನು ನುಡಿಸುತ್ತವೆ. ಇವೆಲ್ಲವೂ ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತವೆ. ನಮ್ಮ ಮಕ್ಕಳಲ್ಲಿ ಅನೇಕರು ನೇಕಾರರ ಮನೆಗಳಿಂದ ಬಂದವರು. ಅವರಿಗೆ ನಾನು ಮಗ್ಗದ ಉದಾಹರಣೆಯನ್ನೇ ಕೊಡುತ್ತೇನೆ. ಹಾಸು ಒಂದು ದಿಕ್ಕಿನಲ್ಲಿ, ಹೊಕ್ಕು ಇನ್ನೊಂದು ದಿಕ್ಕಿನಲ್ಲಿ ಹಾಯದಿದ್ದರೆ ಬಟ್ಟೆ ಹುಟ್ಟುವುದಿಲ್ಲ. ಲಾಳಿ ಎಷ್ಟು ಬಾರಿ, ಯಾವ ಬಣ್ಣದ ನೂಲಿನೊಡನೆ ಹಾಯಬೇಕೆಂಬುದು ಮೊದಲೇ ನಿಶ್ಚಯವಾಗಿರುವಂತೆ, ಸಿಂಫನಿಯಲ್ಲಿ ಪ್ರತಿಯೊಂದು ವಾದ್ಯವೂ ಯಾವ ಕ್ಷಣದಲ್ಲಿ ಯಾವ ಸ್ವರವನ್ನು ನುಡಿಸಬೇಕೆಂಬುದನ್ನು ರಚನಕಾರನು ಮೊದಲೇ ಬರೆದಿಟ್ಟಿರುತ್ತಾನೆ. ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ವೇಗದ ಒಂದು ಭಾಗ, ನಿಧಾನದ ಒಂದು ಭಾಗ, ಕುಣಿತದ ನಡೆಯ ಒಂದು ಭಾಗ, ಮುಕ್ತಾಯದ ಒಂದು ಭಾಗ.

ಹದಿನೆಂಟನೆಯ ಶತಮಾನದಲ್ಲಿ ಆಸ್ಟ್ರಿಯಾದ ಹೇಡನ್ ನೂರಕ್ಕೂ ಹೆಚ್ಚು ಸಿಂಫನಿಗಳನ್ನು ರಚಿಸಿ ಈ ಪ್ರಕಾರಕ್ಕೆ ಒಂದು ಸ್ಥಿರವಾದ ಆಕಾರವನ್ನು ಕೊಟ್ಟನು. ಮೊಜಾರ್ಟ್ ಅದಕ್ಕೆ ಲಾವಣ್ಯವನ್ನು ತುಂಬಿದನು. ಬೀಥೋವನ್ ಒಂಬತ್ತು ಸಿಂಫನಿಗಳಲ್ಲಿ ಅದರ ಎಲ್ಲೆಗಳನ್ನೇ ಹಿಗ್ಗಿಸಿದನು. 1824ರ ಮೇ 7ರಂದು ವಿಯೆನ್ನಾದಲ್ಲಿ ಅವನ ಒಂಬತ್ತನೆಯ ಸಿಂಫನಿ ಮೊದಲ ಬಾರಿಗೆ ಪ್ರಸ್ತುತವಾದಾಗ ಅವನ ಕಿವಿ ಬಹುಮಟ್ಟಿಗೆ ಕೇಳುತ್ತಿರಲಿಲ್ಲ. ವಾದ್ಯಗಳಿಗೇ ಮೀಸಲಾಗಿದ್ದ ಸಿಂಫನಿಯೊಳಕ್ಕೆ ಅಂದು ಮನುಷ್ಯ ಕಂಠಗಳ ವೃಂದವು ಪ್ರವೇಶಿಸಿತು. ಅಲ್ಲಿಂದ ಮುಂದೆ ಯುರೋಪಿನ ಒಂದೊಂದು ಜನಾಂಗವೂ ತನ್ನ ನೆಲದ ದನಿಯನ್ನು ಈ ಆಕಾರದಲ್ಲಿ ತುಂಬಬಹುದೇ ಎಂದು ಯೋಚಿಸತೊಡಗಿತು. ಆ ಯೋಚನೆಯನ್ನು ರಷ್ಯಾದಲ್ಲಿ ಕೈಗೆತ್ತಿಕೊಂಡವನೇ ನಮ್ಮ ಕಥೆಯ ಗುರು, ಮಿಲಿ ಬಲಾಕಿರೆವ್.

ಶುಲ್ಕವಿಲ್ಲದ ಶಾಲೆ

ಬಲಾಕಿರೆವ್ ಹುಟ್ಟಿದ್ದು 1837ರಲ್ಲಿ, ವೋಲ್ಗಾ ನದಿಯ ತೀರದ ನಿಜ್ನಿ ನವ್‌ಗೊರೋದ್ ಎಂಬ ಊರಿನಲ್ಲಿ. ಹದಿನೆಂಟರ ಹರೆಯದಲ್ಲಿ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು, ರಷ್ಯನ್ ಸಂಗೀತದ ಪಿತಾಮಹನೆಂದು ಹೆಸರಾದ ಗ್ಲಿಂಕಾನ ಮೆಚ್ಚುಗೆಗೆ ಪಾತ್ರನಾದನು. ಅವನ ಸುತ್ತ ನಾಲ್ವರು ತರುಣರು ಸೇರಿದರು. ಮುಸ್ಸೋರ್ಗ್‌ಸ್ಕಿ ಮತ್ತು ಕುಯಿ ಸೇನೆಯ ಅಧಿಕಾರಿಗಳು. ರಿಮ್‌ಸ್ಕಿ ಕೊರ್ಸಕೋವ್ ನೌಕಾಪಡೆಯವನು. ಬೊರೊಡಿನ್ ರಸಾಯನಶಾಸ್ತ್ರದ ವಿದ್ವಾಂಸ. ಸಂಗೀತವನ್ನು ವೃತ್ತಿಯಾಗಿ ಕಲಿಯದ ಇವರಿಗೆಲ್ಲ ಬಲಾಕಿರೆವನೇ ಗುರು. ಜರ್ಮನಿಯ ಪಾಠಪುಸ್ತಕಗಳನ್ನು ಅನುಕರಿಸುವ ಬದಲು ತಮ್ಮ ಹಳ್ಳಿಯ ಹಾಡುಗಳಿಂದಲೂ ಪೂರ್ವದೇಶಗಳ ಧಾಟಿಗಳಿಂದಲೂ ಸಿಂಫನಿಯನ್ನು ಕಟ್ಟಬೇಕೆಂಬುದು ಅವನ ಛಲವಾಗಿತ್ತು. ಈ ಐವರನ್ನು ಸಂಗೀತ ಚರಿತ್ರೆಯು 'ಬಲಿಷ್ಠ ಪಂಚಕ'ವೆಂದು ಗುರುತಿಸುತ್ತದೆ.

1862ರಲ್ಲಿ ಬಲಾಕಿರೆವ್ ತನ್ನ ಹಿರಿಯ ಮಿತ್ರ ಲೊಮಾಕಿನ್ ಜೊತೆಗೂಡಿ 'ಉಚಿತ ಸಂಗೀತ ಶಾಲೆ'ಯನ್ನು ತೆರೆದನು. ಅದೇ ವರ್ಷ ರಾಜಮನೆತನದ ಆಶ್ರಯದಲ್ಲಿ ಸರ್ವಸಜ್ಜಿತವಾದ ಸಂಗೀತ ವಿದ್ಯಾಲಯವೊಂದು ಅದೇ ನಗರದಲ್ಲಿ ಆರಂಭವಾಗಿತ್ತು. ಅದಕ್ಕೆ ಎದುರಾಗಿ, ಶುಲ್ಕ ತೆರಲಾರದ ಸಾಮಾನ್ಯ ಜನರಿಗಾಗಿ ಈ ಶಾಲೆ. ಹಣ ಬರಬೇಕಾದದ್ದು ಕಛೇರಿಗಳಿಂದ ಹಾಗೂ ದಾನಿಗಳಿಂದ. ಹೀಗೆ ನಡೆಯುವ ಶಾಲೆಯ ಕಷ್ಟವೇನೆಂಬುದು ನಮ್ಮ ಓದುಗರಿಗೆ ನಾನು ವಿವರಿಸಿ ಹೇಳಬೇಕಾದುದಿಲ್ಲ.

ಬಲಾಕಿರೆವ್ ಶಿಷ್ಯರ ಕೈಯಲ್ಲಿ ಸಿಂಫನಿಗಳನ್ನು ಬರೆಯಿಸಿದನು. ರಿಮ್‌ಸ್ಕಿ ಕೊರ್ಸಕೋವನ ಮೊದಲ ಸಿಂಫನಿಯನ್ನು 1865ರಲ್ಲಿ ಉಚಿತ ಶಾಲೆಯ ಕಛೇರಿಯಲ್ಲಿ ತಾನೇ ನಿರ್ದೇಶಿಸಿದನು. ಬೊರೊಡಿನನ ಮೊದಲ ಸಿಂಫನಿಯನ್ನು 1869ರಲ್ಲಿ ಜನರ ಮುಂದಿಟ್ಟವನೂ ಅವನೇ. ಮಾಸ್ಕೋದ ಚೈಕೋವ್‌ಸ್ಕಿಗೆ 'ರೋಮಿಯೋ ಜೂಲಿಯೆಟ್' ಕಥೆಯ ಮೇಲೆ ಒಂದು ವಾದ್ಯವೃಂದ ಕೃತಿಯನ್ನು ರಚಿಸಲು ಸೂಚಿಸಿ, ಅದರ ನಕ್ಷೆಯನ್ನು ಹಾಕಿಕೊಟ್ಟು, ತಿದ್ದಿಸಿ, ಮತ್ತೆ ತಿದ್ದಿಸಿದವನು ಈ ಗುರುವೇ. ಚೈಕೋವ್‌ಸ್ಕಿ ಆ ಕೃತಿಯನ್ನು ಅವನಿಗೇ ಅರ್ಪಿಸಿದನು.

ಗುರುವಿನ ಸ್ವಂತ ಸಿಂಫನಿ ಮಾತ್ರ ಮುಗಿಯಲಿಲ್ಲ. 1864ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ಸಿ ಮೇಜರ್ ಶ್ರುತಿಯ ಸಿಂಫನಿಯೊಂದನ್ನು ಅವನು ಆರಂಭಿಸಿದ್ದನು. ಮೊದಲ ಭಾಗ ಅರ್ಧಕ್ಕಿಂತ ಮುಂದೆ ಸಾಗಿತ್ತು. ಶಿಷ್ಯರ ಕೃತಿಗಳನ್ನು ತಿದ್ದುವುದರಲ್ಲಿಯೂ ಶಾಲೆಗೆ ಹಣ ಹೊಂದಿಸುವುದರಲ್ಲಿಯೂ ಅವನ ಕಾಲ ಕಳೆಯಿತು. 1869ರಲ್ಲಿ ರಾಜಮನೆತನದ ಕಛೇರಿಗಳ ನಿರ್ದೇಶಕ ಸ್ಥಾನದಿಂದ ಅವನನ್ನು ತೆಗೆದುಹಾಕಲಾಯಿತು. ಉಚಿತ ಶಾಲೆಯ ಬೊಕ್ಕಸವೂ ಬರಿದಾಯಿತು. ಮನನೊಂದ ಬಲಾಕಿರೆವ್ ಸಂಗೀತವನ್ನೇ ಬಿಟ್ಟು 1872ರಲ್ಲಿ ರೈಲ್ವೆಯ ಸರಕು ವಿಭಾಗದಲ್ಲಿ ಗುಮಾಸ್ತನಾಗಿ ಸೇರಿದನು. ರಷ್ಯನ್ ಸಂಗೀತಕ್ಕೆ ದಿಕ್ಕು ತೋರಿಸಿದವನು ಲೆಕ್ಕದ ಪುಸ್ತಕದ ಮುಂದೆ ಕುಳಿತನು. ಆದರೆ ಶಾಲೆ ಮುಚ್ಚಲಿಲ್ಲ. 1874ರಲ್ಲಿ ಶಿಷ್ಯ ರಿಮ್‌ಸ್ಕಿ ಕೊರ್ಸಕೋವ್ ಅದರ ಹೊಣೆಯನ್ನು ಹೊತ್ತು ಏಳು ವರ್ಷ ನಡೆಸಿದನು. 1881ರಲ್ಲಿ ಗುರು ಮರಳಿ ಬಂದಾಗ ಅವನ ಪೀಠವು ಅವನಿಗಾಗಿ ಕಾದಿತ್ತು.

ಮೂವತ್ತಮೂರು ವರ್ಷಗಳ ಕೃತಿ

ಅನಂತರ ಅವನು ರಾಜಮಂದಿರದ ಗಾಯನ ವಿದ್ಯಾಲಯದ ಮುಖ್ಯಸ್ಥನಾಗಿ 1883ರಿಂದ 1894ರವರೆಗೆ ದುಡಿದನು. ನಿವೃತ್ತಿಯ ವೇತನ ಬರತೊಡಗಿದ ಮೇಲೆ, ಹಳೆಯ ಹಸ್ತಪ್ರತಿಯನ್ನು ಹೊರಗೆ ತೆಗೆದನು. ಒಂದು ಕಾಲಕ್ಕೆ ಈ ಸಿಂಫನಿಗೆಂದು ಉದ್ದೇಶಿಸಿದ್ದ ಒಂದು ಭಾಗವನ್ನು ಬೇರೆ ಕೃತಿಗೆ ಮೀಸಲಿಟ್ಟು, ಇದಕ್ಕೆ ಹೊಸದನ್ನೇ ಬರೆದನು. 1897ರಲ್ಲಿ ಸಿಂಫನಿ ಮುಗಿಯಿತು. ಬಲಾಕಿರೆವನಿಗೆ ಆಗ 60 ವರ್ಷ. 1898ರ ಏಪ್ರಿಲ್‌ನಲ್ಲಿ ಅದೇ ಉಚಿತ ಸಂಗೀತ ಶಾಲೆಯ ಕಛೇರಿಯಲ್ಲಿ ತಾನೇ ನಿಂತು ಅದನ್ನು ನಿರ್ದೇಶಿಸಿದನು.

ಈ ಸಿಂಫನಿಯ ಹೆಗ್ಗಳಿಕೆ ಏನು? ಹೇಡನ್ನನಿಂದ ಬಂದ ಕಟ್ಟಡವನ್ನು ಅದು ಒಡೆಯುವುದಿಲ್ಲ; ಆದರೆ ಅದರೊಳಗೆ ವಾಸಿಸುವವರು ಬೇರೆಯವರು. ನಿಧಾನವಾಗಿ ಆರಂಭವಾಗುವ ಮೊದಲ ಭಾಗವು ಪುಟ್ಟ ಪುಟ್ಟ ಸ್ವರಸಮೂಹಗಳನ್ನು ಎತ್ತಿಕೊಂಡು, ಅವನ್ನು ಹಿಗ್ಗಿಸಿ, ತಿರುವಿ, ಒಂದರಿಂದ ಇನ್ನೊಂದನ್ನು ಹುಟ್ಟಿಸುತ್ತ ಬೆಳೆಯುತ್ತದೆ. ನಮ್ಮಲ್ಲಿ ರಾಗದ ಒಂದು ಸಂಚಾರವನ್ನು ಹಿಡಿದು ವಿದ್ವಾಂಸರು ನೆರವಲ್ ಮಾಡುವುದನ್ನು ಕೇಳಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಮೂರನೆಯ ಭಾಗದಲ್ಲಿ ಕ್ಲಾರಿನೆಟ್ ವಾದ್ಯವು ಒಂಟಿಯಾಗಿ ದೀರ್ಘವಾದ ಧಾಟಿಯೊಂದನ್ನು ನುಡಿಸುತ್ತದೆ. ಅದರಲ್ಲಿ ಪೂರ್ವದೇಶದ ಛಾಯೆಯಿದೆ. ಆ ಭಾಗ ನಿಲ್ಲದೆಯೇ ಹಾರ್ಪ್ ವಾದ್ಯದ ತಂತಿಗಳ ಮೇಲಿಂದ ಹಾದು ಕಡೆಯ ಭಾಗಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿ ಹಳ್ಳಿಯ ಕುಣಿತದ ಹಾಡು ಮೊಳಗುತ್ತದೆ. ಮಹಾ ರಾಜಧಾನಿಯ ಸಭಾಂಗಣದೊಳಕ್ಕೆ ಹಳ್ಳಿಯ ಜನ ತಮ್ಮ ಉಡುಪಿನಲ್ಲಿಯೇ ಬಂದು ಕುಳಿತಂತೆ ಅದು ತೋರುತ್ತದೆ. ಸ್ವಂತ ನುಡಿಯನ್ನು ಬಿಡದೆ ದೊಡ್ಡ ಲೋಕದ ಆಕಾರವನ್ನು ಕೈವಶ ಮಾಡಿಕೊಳ್ಳಬಹುದೆಂಬ ಮಾತನ್ನು ಬಲಾಕಿರೆವ್ 1860ರ ದಶಕದಲ್ಲಿಯೇ ಶಿಷ್ಯರಿಗೆ ಬೋಧಿಸಿದ್ದನು. ಅದರ ನಿದರ್ಶನವನ್ನು ತನ್ನ ಕೈಯಿಂದ ಪೂರ್ಣಗೊಳಿಸಲು ಅವನಿಗೆ ಮೂವತ್ತಮೂರು ವರ್ಷಗಳು ಬೇಕಾದವು. ಅಷ್ಟರಲ್ಲಿ ಶಿಷ್ಯರ ಸಿಂಫನಿಗಳು ಹೆಸರು ಮಾಡಿದ್ದವು. ಗುರುವಿನದು ತಡವಾಗಿ ಬಂದದ್ದರಿಂದ ಹಳೆಯ ಮಾತಿನಂತೆ ಕೇಳಿಸಿತು. 1910ರಲ್ಲಿ ಬಲಾಕಿರೆವ್ ತೀರಿಕೊಂಡನು.

ಮೈಸೂರಿನ ಅರಮನೆಯಲ್ಲಿ

ಇನ್ನು ನಾವು ಕನ್ನಡ ನೆಲಕ್ಕೆ ಬರೋಣ. ಮೈಸೂರಿನ ಒಡೆಯರ ಹೆಸರು ನಮ್ಮ ಈ ಸೀಮೆಗೆ ಹೊಸದಲ್ಲ. ಹದಿನೇಳನೆಯ ಶತಮಾನದಿಂದ 1799ರಲ್ಲಿ ಟಿಪ್ಪು ಸುಲ್ತಾನನು ಮಡಿಯುವವರೆಗೆ ಕೊಯಮತ್ತೂರು ಸೀಮೆಯು ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿತ್ತು. ದೇವಾಂಗರೂ ಒಕ್ಕಲಿಗರೂ ಮೊದಲಾದ ಕನ್ನಡ ಮನೆಮಾತಿನ ಜನ ಇಲ್ಲಿ ನೆಲೆಸಿರುವುದು ತಲೆತಲಾಂತರಗಳ ಸಂಗತಿ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರಿನ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಸ್ವತಃ ಪ್ರಭುಗಳು ವೀಣೆ, ಪಿಟೀಲು, ಪಿಯಾನೋ ಮುಂತಾದ ವಾದ್ಯಗಳನ್ನು ಬಲ್ಲವರಾಗಿದ್ದರು. ಅವರ ತಮ್ಮನ ಮಗ ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರ ಜುಲೈ 18ರಂದು. ಬಾಲ್ಯದಲ್ಲಿ ಪಿಯಾನೋ ಕಲಿತ ಅವರಿಗೆ ಅದೇ ಜೀವನದ ಹಾದಿಯಾಗಬೇಕೆಂಬ ಆಸೆಯಿತ್ತು. ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡರು. ಇಪ್ಪತ್ತೊಂದರ ತರುಣ ಸಿಂಹಾಸನವನ್ನೇರಬೇಕಾಯಿತು. ಪಿಯಾನೋ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು. ಆದರೂ ಅಭ್ಯಾಸವನ್ನು ಅವರು ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ಸಂದವು.

ಅವರಿಗೆ ಅಚ್ಚುಮೆಚ್ಚಿನ ರಚನಕಾರನೆಂದರೆ ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ 1921ರಲ್ಲಿ ತಾಯ್ನಾಡನ್ನು ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ್ದನು. ಕಾಲದ ಹೊಸ ರೀತಿಗಳಿಗೆ ಒಗ್ಗದ ಅವನ ಸಂಗೀತವನ್ನು ಕೇಳುವವರು ವಿರಳರಾಗಿದ್ದರು, ಆರೋಗ್ಯವೂ ಕೆಟ್ಟಿತ್ತು. ಅಂಥವನಿಗೆ ಮೈಸೂರಿನಿಂದ ನೆರವು ಬಂತು. ಮಹಾರಾಜರ ವೆಚ್ಚದಲ್ಲಿ ಮೆಟ್ನರ್ ಸಂಘವು ಸ್ಥಾಪನೆಯಾಯಿತು. ಮುಪ್ಪಿನ ಮೆಟ್ನರ್ ತನ್ನ ಮೂರು ಪಿಯಾನೋ ಕನ್ಚೆರ್ಟೋಗಳನ್ನೂ ಇತರ ಅನೇಕ ರಚನೆಗಳನ್ನೂ ತಾನೇ ನುಡಿಸಿ ಧ್ವನಿಮುದ್ರಿಸಿದನು. ಮೂರನೆಯ ಕನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ ತನ್ನ ಕೃತಜ್ಞತೆಯನ್ನು ಸಲ್ಲಿಸಿದನು. 1951ರಲ್ಲಿ ಅವನು ಕಣ್ಮುಚ್ಚಿದಾಗ ಅವನ ಬೆರಳುಗಳ ನಾದ ಉಳಿದಿತ್ತು.

1949ರ ಧ್ವನಿಮುದ್ರಣ

ಈ ಕಾರ್ಯದ ನಡುವೆಯೇ ವಾಲ್ಟರ್ ಲೆಗ್ ಎಂಬ ಇಂಗ್ಲಿಷ್ ಧ್ವನಿಮುದ್ರಣ ನಿರ್ಮಾಪಕನು ಮೈಸೂರಿಗೆ ಬಂದು ಮಹಾರಾಜರ ಅತಿಥಿಯಾದನು. ಮಹಾಯುದ್ಧ ಮುಗಿದ 1945ರಲ್ಲಿ ಅವನು ಲಂಡನ್ನಿನಲ್ಲಿ 'ಫಿಲ್‌ಹಾರ್ಮೋನಿಯಾ' ಎಂಬ ವಾದ್ಯವೃಂದವನ್ನು ಕಟ್ಟಿದ್ದನು. ಇನ್ನೂ ಮೂವತ್ತು ತುಂಬದ ಅರಸರ ಬಳಿ ಇದ್ದ ಧ್ವನಿಮುದ್ರಿಕೆಗಳ ಸಂಗ್ರಹವನ್ನೂ ಅನೇಕ ಪಿಯಾನೋಗಳನ್ನೂ ಕಂಡು ಅವನು ಬೆರಗಾದುದನ್ನು ಅವನ ನೆನಪುಗಳು ಹೇಳುತ್ತವೆ. ವಾದ್ಯವೃಂದವು ನೆಲೆಗೊಳ್ಳಲೆಂದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವಿಗೆ ಮಹಾರಾಜರು ಒಪ್ಪಿದರೆಂದೂ ಅವನೇ ಬರೆದಿದ್ದಾನೆ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರು.

ಆ ಕಾಲದ ಧ್ವನಿಮುದ್ರಣದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ನಾಲ್ಕು ನಿಮಿಷಗಳಷ್ಟು ಸಂಗೀತ ಮಾತ್ರ ಹಿಡಿಯುತ್ತಿತ್ತು. ನಲವತ್ತು ನಿಮಿಷಗಳನ್ನು ಮೀರುವ ಸಿಂಫನಿಗೆ ಐದಾರು ತಟ್ಟೆಗಳು ಬೇಕು. ಹತ್ತಾರು ವಾದಕರಿಗೆ ಸಂಭಾವನೆ ಕೊಡಬೇಕು. ಹೆಸರಾದ ಬೀಥೋವನನ ಕೃತಿಯಾದರೆ ಹಾಕಿದ ಹಣ ಮರಳಿ ಬಂದೀತು. ಜನ ಹೆಚ್ಚಾಗಿ ಕೇಳದ ಕೃತಿಗೆ ಯಾವ ಕಂಪನಿಯೂ ಸುಲಭವಾಗಿ ಹಣ ಹೂಡುತ್ತಿರಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಮೈಸೂರು ಮಹಾರಾಜರ ಸಂಗೀತ ಪ್ರತಿಷ್ಠಾನವು ನಿಂತಿತು. ಅದರ ನೆರವಿನಿಂದ 1949ರಲ್ಲಿ ಹರ್ಬರ್ಟ್ ಫಾನ್ ಕರಾಯನ್ ಅವರ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವು ಬಲಾಕಿರೆವನ ಮೊದಲ ಸಿಂಫನಿಯನ್ನು ಧ್ವನಿಮುದ್ರಿಸಿತು. ಫ್ರಾನ್ಸಿನ ರೂಸೆಲ್‌ನ ನಾಲ್ಕನೆಯ ಸಿಂಫನಿಯೂ ಅದೇ ನೆರವಿನಲ್ಲಿ ಮುದ್ರಿತವಾಯಿತು.

ಉಚಿತ ಶಾಲೆಯೊಂದರ ಗುರು ರಷ್ಯಾದಲ್ಲಿ ಬರೆದ ಸಿಂಫನಿ. ಅದನ್ನು ನುಡಿಸಿದವರು ಇಂಗ್ಲೆಂಡಿನ ವಾದಕರು. ನಿರ್ದೇಶಿಸಿದವರು ಕೆಲವೇ ವರ್ಷಗಳ ಹಿಂದೆ ಶತ್ರುಪಕ್ಷದಲ್ಲಿದ್ದ ಆಸ್ಟ್ರಿಯಾ ದೇಶದವರು. ಹಣ ಕೊಟ್ಟವರು ಕನ್ನಡ ನಾಡಿನ ಅರಸರು. ನಾಲ್ಕು ನಾಡುಗಳ ಎಳೆಗಳು ಸೇರಿದ ಆ ತಟ್ಟೆಗಳಿಂದ ಬಲಾಕಿರೆವನ ದನಿ ದೂರದ ಮನೆಗಳನ್ನು ಮುಟ್ಟಿತು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ 'ನಾಲ್ಕು ಕಡೆಯ ಗೀತೆಗಳು' ಮೊದಲ ಬಾರಿಗೆ ಪ್ರಸ್ತುತವಾದುದೂ ಇದೇ ವಾದ್ಯವೃಂದದಿಂದ, ಮೈಸೂರಿನದೇ ನೆರವಿನಿಂದ. ಸ್ಟ್ರಾಸ್ ಅಷ್ಟರಲ್ಲಿ ತೀರಿಕೊಂಡಿದ್ದನು. ಮಹಾರಾಜರೂ ಆ ಸಭೆಯಲ್ಲಿರಲಿಲ್ಲ.

ನ್ಯಾಯವಾದ ಒಂದು ಪ್ರಶ್ನೆ

ಇತಿಹಾಸವನ್ನು ಬರೆಯುವವರು ಹೊಗಳಿಕೆಯಲ್ಲಿಯೇ ನಿಲ್ಲಬಾರದು. ದೇಶವು ಸ್ವತಂತ್ರವಾದ ಆ ವರ್ಷಗಳಲ್ಲಿ ಜನರಿಗೆ ಅನ್ನ ಬಟ್ಟೆಗಳ ಕೊರತೆಯಿತ್ತು. ಮೈಸೂರಿನಲ್ಲಿ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಎದ್ದಿತು. ವಿದ್ಯಾರ್ಥಿಗಳೂ ರೈತರೂ ಸೆರೆಮನೆಗೆ ಹೋದರು. ಅಕ್ಟೋಬರ್ ತಿಂಗಳಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನರ ಮಂತ್ರಿಮಂಡಲವು ಅಧಿಕಾರ ವಹಿಸಿಕೊಂಡಿತು. ಅಂಥ ಹೊತ್ತಿನಲ್ಲಿ ಲಂಡನ್ನಿನ ವಾದ್ಯವೃಂದಕ್ಕೆ ಸಾವಿರಾರು ಪೌಂಡುಗಳನ್ನು ಕಳುಹಿಸುವುದು ಸರಿಯೇ ಎಂದು ನಮ್ಮ ಮಕ್ಕಳು ಕೇಳಿದರೆ, ಅದು ಕೇಳತಕ್ಕ ಪ್ರಶ್ನೆಯೇ. ಅರಸೊತ್ತಿಗೆಯ ಹಣದ ಮೂಲ ಪ್ರಜೆಗಳ ದುಡಿಮೆ ಎಂಬುದನ್ನು ಮರೆಮಾಚುವುದು ಇತಿಹಾಸದ ಅಧ್ಯಾಪಕಿಗೆ ತಕ್ಕುದಲ್ಲ.

ಆದರೆ ಇನ್ನೊಂದು ಮುಖವನ್ನೂ ಕಾಣಬೇಕು. ಪರದೇಶದ ಸಂಗೀತವನ್ನು ಪೋಷಿಸಿದವರು ತಮ್ಮ ಮನೆಯ ಸಂಗೀತವನ್ನು ಕಡೆಗಣಿಸಿದರೇ? ಇಲ್ಲ. ಮೈಸೂರು ವಾಸುದೇವಾಚಾರ್ಯರಂಥ ಹಿರಿಯರು ಇದ್ದ ಆಸ್ಥಾನದಲ್ಲಿ ಅವರು ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಅಭ್ಯಸಿಸಿದರು. 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅಪರೂಪದ ರಾಗಗಳನ್ನು ಅವುಗಳಲ್ಲಿ ಬಳಸಿದರು. ಬಲಾಕಿರೆವ್ ತನ್ನ ಹಳ್ಳಿಯ ಹಾಡನ್ನು ಹಿಡಿದುಕೊಂಡೇ ಹೊರಲೋಕಕ್ಕೆ ನಡೆದನು. ಜಯಚಾಮರಾಜರು ಹೊರಲೋಕವನ್ನು ಚೆನ್ನಾಗಿ ಬಲ್ಲವರಾಗಿದ್ದು ತಮ್ಮ ಸಂಗೀತವನ್ನು ಇನ್ನಷ್ಟು ಆಳವಾಗಿ ಬಾಳಿದರು. ಇನ್ನೊಬ್ಬರ ನುಡಿಯನ್ನು ಪ್ರೀತಿಸಿದ್ದರಿಂದ ತನ್ನ ನುಡಿ ಕಡಿಮೆಯಾಗುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂಬುದನ್ನು ಈ ಇಬ್ಬರ ಬಾಳು ತೋರಿಸುತ್ತದೆ.

ಪೋಷಣೆ ನಿಂತ ಮೇಲೆ

ಅರಸರ ಕಾಲ ಮುಗಿಯಿತು. ಜಯಚಾಮರಾಜ ಒಡೆಯರು ಮೊದಲು ಮೈಸೂರು ರಾಜ್ಯದ ರಾಜ್ಯಪಾಲರಾದರು. 1964ರಿಂದ 1966ರವರೆಗೆ ಅವರು ಮದರಾಸು ರಾಜ್ಯದ ರಾಜ್ಯಪಾಲರಾಗಿದ್ದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ಬಲಾಕಿರೆವನ ಸಿಂಫನಿಗೆ ನೆರವಾದವರು ನಾವು ಬಾಳುತ್ತಿರುವ ಈ ರಾಜ್ಯದ ಪ್ರಥಮ ಪ್ರಜೆಯಾಗಿದ್ದರು.

ವಿಚಿತ್ರವೆಂಬಂತೆ, ಅದೇ 1964ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಅಳಿವಿನ ಗಳಿಗೆ ಬಂತು. ಮಾರ್ಚ್ ತಿಂಗಳಿನಲ್ಲಿ ವಾಲ್ಟರ್ ಲೆಗ್ ಅದನ್ನು ನಿಲ್ಲಿಸುವುದಾಗಿ ಘೋಷಿಸಿದನು. ಕಟ್ಟಿದವನೇ ಕೈಬಿಟ್ಟನು, ಪೋಷಿಸಿದ ಅರಸೊತ್ತಿಗೆ ಎಂದೋ ಮುಗಿದಿತ್ತು. ವಾದಕರು ಚದುರಿಹೋಗಲಿಲ್ಲ. ತಾವೇ ಸಭೆ ಸೇರಿ, ತಮ್ಮನ್ನು ತಾವೇ ಆಳಿಕೊಳ್ಳುವ ಸಂಘವನ್ನು ರಚಿಸಿಕೊಂಡು, 'ಹೊಸ ಫಿಲ್‌ಹಾರ್ಮೋನಿಯಾ' ಎಂದು ಹೆಸರಿಟ್ಟುಕೊಂಡರು. ಅಕ್ಟೋಬರ್ 27ರಂದು ವೃದ್ಧರಾಗಿದ್ದ ಓಟ್ಟೋ ಕ್ಲೆಂಪರರ್ ಅವರ ನಿರ್ದೇಶನದಲ್ಲಿ ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ನುಡಿಸಿ ಹೊಸ ಬಾಳನ್ನು ಆರಂಭಿಸಿದರು. 1977ರಲ್ಲಿ ಹಳೆಯ ಹೆಸರೂ ಮರಳಿ ದೊರೆಯಿತು. ಇಂದಿಗೂ ಆ ವೃಂದ ನುಡಿಯುತ್ತಿದೆ.

ನಮ್ಮ ಶಾಲೆಯ ಮಾತು

ಈಗ ಆ ಬಾಲಕಿಯ ಪ್ರಶ್ನೆಗೆ ಮರಳುತ್ತೇನೆ. ಕನ್ನಡದವರಿಗೂ ಸಿಂಫನಿಗೂ ಏನು ಸಂಬಂಧ ಎಂದು ಅವಳು ಕೇಳಿದ್ದಳು. ಸಿಂಫನಿಯನ್ನು ರಚಿಸಿದವರು ಕನ್ನಡಿಗರಲ್ಲ. ಆದರೆ ದೂರದವರ ಕೃತಿಯೊಂದು ಮರೆವಿಗೆ ಸಲ್ಲಬಾರದೆಂದು ಕೈನೀಡಿದವರಲ್ಲಿ ಕನ್ನಡಿಗರಿದ್ದರು. ಈ ಸಂಬಂಧವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಏಕೆಂದರೆ ನಮ್ಮ ಶಾಲೆ ನೂರು ವರ್ಷ ಬಾಳಿರುವುದೂ ಅಂಥ ಕೈಗಳಿಂದಲೇ. ತಮಿಳು ನೆಲದ ನಡುವೆ ಕನ್ನಡದಲ್ಲಿ ಕಲಿಸುವ ಶಾಲೆಗೆ ಹಿಂದಿನವರು ಮಗ್ಗದ ಕೂಲಿಯಲ್ಲಿ ಉಳಿಸಿ ವಂತಿಗೆ ಕೊಟ್ಟರು. ಕನ್ನಡ ಓದಲು ಬಾರದ ತಮಿಳು ನೆರೆಯವರು ಕೂಡ ಕಟ್ಟಡ ಏಳುವಾಗ ಹೆಗಲು ಕೊಟ್ಟರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರ ಋಣವನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ನಮ್ಮ ಧರ್ಮ. ನಮ್ಮ ಮಕ್ಕಳು ತಮಿಳನ್ನು ಪ್ರೀತಿಯಿಂದ ಕಲಿಯುತ್ತಾರೆ. ಇಲ್ಲಿಯ ಅನ್ನವನ್ನುಂಡು ಇಲ್ಲಿಯ ಭಾಷೆಯನ್ನು ಕಲಿಯದಿರುವುದು ಸಲ್ಲದು. ಅದರಿಂದ ಅವರ ಕನ್ನಡ ಕುಗ್ಗಿಲ್ಲ.

ಆದರೆ ಒಂದು ಸತ್ಯವನ್ನು ಮುಚ್ಚಿಡಲಾರೆ. ಪ್ರತಿ ಜೂನ್ ತಿಂಗಳಿನಲ್ಲಿ ಒಂದನೆಯ ತರಗತಿಯ ದಾಖಲಾತಿ ಪುಸ್ತಕವನ್ನು ತೆರೆಯುವಾಗ ನನ್ನ ಎದೆ ಭಾರವಾಗುತ್ತದೆ. ಹೆಸರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಇಲ್ಲಿಯೇ ಓದಿ ಮುಂದೆ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದಾರೆ. ಅವರನ್ನು ದೂರುವುದಿಲ್ಲ, ಹೆತ್ತವರ ಚಿಂತೆ ಹೆತ್ತವರಿಗೇ ಗೊತ್ತು. ಆದರೆ ಮಕ್ಕಳನ್ನು ಸೇರಿಸಲಾಗದವರೂ ಮಾಡಬಹುದಾದ ಕೆಲಸಗಳುಂಟು. ವಾರಕ್ಕೊಂದು ಸಂಜೆ ಬಂದು ಕನ್ನಡ ಕಥೆಯೊಂದನ್ನು ಮಕ್ಕಳಿಗೆ ಓದಿ ಹೇಳಬಹುದು. ಶಾಲೆಯ ಗ್ರಂಥಾಲಯದ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಸಿಕೊಡಬಹುದು. ಮನೆಯ ಮಕ್ಕಳಿಗೆ ಬೇಸಿಗೆಯ ರಜೆಯಲ್ಲಾದರೂ ಕನ್ನಡದ ಅಕ್ಷರಗಳನ್ನು ಕಲಿಸಲು ನಮ್ಮಲ್ಲಿಗೆ ಕಳುಹಿಸಬಹುದು. ಗುರು ರೈಲ್ವೆಯ ಗುಮಾಸ್ತನಾಗಿ ಹೋದಾಗ ಉಚಿತ ಶಾಲೆಯ ಬಾಗಿಲನ್ನು ತೆರೆದಿಟ್ಟವನು ಅವನ ಶಿಷ್ಯ. ಕಟ್ಟಿದವನು ಕೈಬಿಟ್ಟಾಗ ವೃಂದವನ್ನು ಉಳಿಸಿದವರು ಅದರ ವಾದಕರು. ನಮ್ಮ ಶಾಲೆಗೂ ಅಂಥ ಶಿಷ್ಯರು ಬೇಕಾದ ಕಾಲ ಬಂದಿದೆ.

ಆ ವಿದ್ಯಾರ್ಥಿನಿಗೂ ಅವಳ ತರಗತಿಗೂ ನಾನು ಒಂದು ಮಧ್ಯಾಹ್ನ ಬಲಾಕಿರೆವನ ಸಿಂಫನಿಯ ಮೂರನೆಯ ಭಾಗವನ್ನು ಕೇಳಿಸಿದೆ. ಕ್ಲಾರಿನೆಟ್ಟಿನ ಧಾಟಿ ಆರಂಭವಾದಾಗ ಮಕ್ಕಳು ಸುಮ್ಮನಾದರು. ಹೊರಗೆ ಪಕ್ಕದ ಬೀದಿಯ ಮಗ್ಗಗಳ ಸದ್ದು ಎಂದಿನಂತೆ ಕೇಳಿಸುತ್ತಿತ್ತು. ಅದು ನಿಲ್ಲಲಿಲ್ಲ, ಸಂಗೀತಕ್ಕೆ ಅಡ್ಡಿಯೂ ಆಗಲಿಲ್ಲ. ಕಡೆಯ ಭಾಗದ ಕುಣಿತದ ಹಾಡು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದನು. ಅವನನ್ನು ನಾನು ತಡೆಯಲಿಲ್ಲ.